ಮನೆ ಸವರುವವನಿಗೆ ಬಂದ ಬಹುಮಾನ

ರೋಹಿಣಿ ಮಳೆ ಬಿದ್ದು ಎಂಟು ದಿನವಾಗಿತ್ತು. ಊರಿನ ಮನೆಗಳೆಲ್ಲ ಚಿಗುರಿದ್ದವು. ಬೆಳಗಿನ ಹೊತ್ತು ನಾನು ಏಣಿ ಹತ್ತಿ ನಮ್ಮ ಮನೆಯ ಪಡುವಣ ಗೋಡೆಯನ್ನು ಸವರುತ್ತಿದ್ದೆ. ಚಿಗುರುಗೋಡೆ ಮೊದಲ ಹತ್ತು ದಿನ ಗಿಣ್ಣಿನ ಹಾಗೆ ಮೆತ್ತಗಿರುತ್ತದೆ. ಕುಡುಗೋಲು ತಾಗಿಸಿದರೆ ಸಾಕು, ತೇವದ ಹೋಳಾಗಿ ಕಳಚಿ ಬೀಳುತ್ತದೆ. ಬಿಸಿಲು ಕುಡಿದು ಗಟ್ಟಿಯಾದ ಮೇಲಾದರೆ ಹಾರೆಯೇ ಬೇಕು. ಹಳೆಯ ಕಿಟಕಿಯ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಕಿಟಕಿ ಮೊಳೆತಿತ್ತು. ಅದರ ಸರಳುಗಳು ಇನ್ನೂ ಹುಲ್ಲುಕಡ್ಡಿಯಷ್ಟೇ ದಪ್ಪ. ನೋಡುವುದಕ್ಕೆ ಮುದ್ದಾಗಿಯೇ ಇತ್ತು. ಮುಖ ಆ ಕಡೆ ತಿರುಗಿಸಿಕೊಂಡು ಕೊಯ್ದುಬಿಟ್ಟೆ.

ಕೆಳಗೆ ಜಗಲಿಯ ಮೇಲೆ ನನ್ನ ಹೆಂಡತಿ ಗಿರಿಯಮ್ಮ ಪುರಸಭೆಯ ಲಾಟರಿ ಟಿಕೆಟ್ಟುಗಳನ್ನು ಹನ್ನೆರಡು ಹನ್ನೆರಡಾಗಿ ಎಣಿಸಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಅಂದು ಸಂತೆ.

"ಸವರಿದ್ದು ಸಾಕು, ಇಳಿಯಯ್ಯ," ಅಂದಳು. "ಊರೋರೆಲ್ಲ ಮನೆ ಬೆಳೆಸ್ಕೊಂಡು ಕೂತವ್ರೆ. ನೀನೊಬ್ಬ ದಿನಾ ಕ್ಷೌರ ಮಾಡ್ತಾ ಇದ್ದೀಯ."

"ಕೈ ಸುಮ್ಕಿರಲ್ಲ ಕಣೆ."

ಕೈ ಸುಮ್ಮನಿರದಿದ್ದದ್ದು ನಿಜ. ಮನೆ ಸವರುವುದು ನಮ್ಮಪ್ಪನ ಕಾಲದಿಂದ ನಮ್ಮ ಕಸುಬು. ಊರಲ್ಲಿ ಮನೆಗಂದಾಯ ಮೊಳದ ಲೆಕ್ಕ. ಆರಿದ್ರೆ ಮಳೆ ಕಳೆದ ಮೇಲೆ ಬಿಲ್ ಕಲೆಕ್ಟರ್ ಚಿಕ್ಕರಂಗಪ್ಪ ಹಗ್ಗ ಹಿಡಿದು ಮನೆಮನೆ ಅಳೆಯುತ್ತಿದ್ದ. ಅವನು ಬರುವುದರೊಳಗೆ ಜಗಲಿ ಒಂದು ಮೊಳ, ಹಿತ್ತಿಲಗೋಡೆ ಅರ್ಧ ಮೊಳ ಕಡಿಮೆಯಾಗಲಿ ಎಂದು ಜನ ನನ್ನ ಬಾಗಿಲಿಗೆ ಬರುತ್ತಿದ್ದರು. "ಬೋರಲಿಂಗಣ್ಣ, ನಮ್ಮ ಅಡಿಗೆಮನೆ ಮರಿ ಹಾಕೈತೆ, ಬಾರಣ್ಣ" ಎಂದು ಹೆಂಗಸರು ಕರೆಯುತ್ತಿದ್ದರು. ಆ ದಿನಗಳಲ್ಲಿ ನನಗೆ ಊಟಕ್ಕೆ ಕೂರಲೂ ಪುರುಸೊತ್ತಿರಲಿಲ್ಲ.

ಅದೆಲ್ಲ ನಿಂತದ್ದು ಲಾಟರಿ ಬಂದ ಮೇಲೆ. ಒಂಬತ್ತು ವರ್ಷದ ಹಿಂದೆ ಪುರಸಭೆಯ ಅಧ್ಯಕ್ಷ ಮರಿಗಂಗಯ್ಯನವರು ಸಂತೆಮಾಳದಲ್ಲಿ ಬೆಂಚಿನ ಮೇಲೆ ನಿಂತು, ಇನ್ನು ಮೇಲೆ ಯಾರೂ ಕಂದಾಯ ಕಟ್ಟಬೇಕಾಗಿಲ್ಲ, ಎಂಟಾಣೆಯ ಟಿಕೆಟ್ಟು ಕೊಂಡರೆ ಸಾಕು ಅಂದರು. ವಾರವಾರ ಒಂದು ನಂಬರು ಎತ್ತುವುದು. ಬಂದ ದುಡ್ಡಿನಲ್ಲಿ ಅರ್ಧ ಗೆದ್ದವನಿಗೆ, ಅರ್ಧ ಊರಿನ ಕಂದಾಯಕ್ಕೆ. ಗೆದ್ದವನು ಕೇಳಲು ಬರುವವರೆಗೆ ಅವನ ಅರ್ಧವನ್ನೂ ಕಂದಾಯಕ್ಕೇ ಬಳಸತಕ್ಕದ್ದು. ಬರುವವರೆಗೆ ಅಂದರೆ ಎಷ್ಟು ದಿನದೊಳಗೆ ಬರಬೇಕು ಎಂದು ಬರೆಯುವುದು ಅವರಿಗೆ ಹೊಳೆಯಲಿಲ್ಲ. ಬಹುಮಾನ ಬಂದವನು ಮನೆಯಲ್ಲಿ ಕೂತಿರುತ್ತಾನೆ ಎಂದು ಯಾವ ಊರಿನ ಅಧ್ಯಕ್ಷನಿಗೆ ತಾನೆ ಹೊಳೆದೀತು.

ಮೊದಲ ವಾರ ಗೆದ್ದವನು ಎಣ್ಣೆ ಅಂಗಡಿಯ ತಿಬ್ಬಯ್ಯ. ಹೋಗಿ ಇನ್ನೂರು ರೂಪಾಯಿ ಈಸಿಕೊಂಡು ಬಂದು ರೇಡಿಯೋ ತಂದ. ಆ ವಾರದ ಲೆಕ್ಕ ಹಾಕಿದಾಗ ಸರಿಯಾಗಿ ಆ ಇನ್ನೂರು ಕಡಿಮೆ ಬಿದ್ದು, ಊರಿನ ನಾನೂರು ಮನೆಗಳೂ ಮೊಳ ನೋಡಿಕೊಂಡು ತಲಾ ಎಂಟಾಣೆಯಷ್ಟು ಕಂದಾಯ ಕಟ್ಟಬೇಕಾಯಿತು. ಯಾರೂ ಅವನನ್ನು ಬೈಯಲಿಲ್ಲ. ಎಣ್ಣೆಗೆ ಹೋದವರು, "ತಿಬ್ಬಣ್ಣ, ನನ್ನ ಎಂಟಾಣೆ ಹೆಂಗೈತೆ? ಸುಖವಾಗೈತಾ?" ಎಂದು ನೆಂಟರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು, ಅಷ್ಟೆ. ಸಾಯಂಕಾಲ ಹತ್ತಾರು ಜನ ಅವನ ಪಡಸಾಲೆಯಲ್ಲಿ ರೇಡಿಯೋ ಮುಂದೆ ಕೂರುತ್ತಿದ್ದರು. "ಎಡಗಡೆ ಗುಂಡಿ ನಂದು, ತಿರುಗಿಸ್ಬ್ಯಾಡ," ಅಂತ ಒಬ್ಬ. "ಜೋರು ಮಾಡೋದು ನಮ್ಮ ಬೀದಿಯೋರ್ದು," ಅಂತ ಇನ್ನೊಬ್ಬ. ಆರು ತಿಂಗಳಿಗೆ ತಿಬ್ಬಯ್ಯ ರೇಡಿಯೋ ಹೊತ್ತುಕೊಂಡು ಹೋಗಿ ಪುರಸಭೆಯ ಮೇಜಿನ ಮೇಲಿಟ್ಟು ಕೈಮುಗಿದು ಬಂದ.

ಅಲ್ಲಿಂದಾಚೆಗೆ ಬಹುಮಾನ ಕೇಳಲು ಯಾರೂ ಹೋಗಲಿಲ್ಲ. ಹೋಗದಿರುವುದೇ ಮರ್ಯಾದೆಯೆನ್ನಿಸಿತು. ಬುಧವಾರ ಸಾಯಂಕಾಲ ತಮಟೆಯವನು ಬೀದಿಬೀದಿಯಲ್ಲಿ ಗೆದ್ದ ನಂಬರು ಸಾರುತ್ತಾನೆ; ಸಾರಬೇಕು, ಕಾನೂನು. ಅದು ಕಿವಿಗೆ ಬೀಳಬಾರದು ಎಂದು ಆ ಹೊತ್ತಿಗೆ ಊರಿನ ಹೆಂಗಸರೆಲ್ಲ ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಾರೆ, ಗಂಡಸರು ಕೆಮ್ಮುತ್ತಾರೆ. ಆಮೇಲೆ ಟಿಕೆಟ್ಟುಗಳನ್ನು ಬಿಚ್ಚಿ ನೋಡದೆ ಹಂಡೆಯ ಒಲೆಗೆ ಹಾಕಿ ಎಲ್ಲರೂ ಬಿಸಿನೀರು ಹುಯ್ದುಕೊಳ್ಳುತ್ತಾರೆ. ಬುಧವಾರ ನಮ್ಮೂರಿನಷ್ಟು ಶುಭ್ರವಾದ ಊರು ಇನ್ನೊಂದಿರಲಾರದು.

ಕಂದಾಯ ಇಲ್ಲವೆಂದಾದ ಮೇಲೆ ಮನೆ ಯಾರು ಸವರಿಸುತ್ತಾರೆ? ಬಿಟ್ಟರು. ಮನೆಗಳು ಹುಚ್ಚು ಬೆಳೆದವು. ಚಿಕ್ಕರಂಗಪ್ಪ ಅಳೆಯುವುದನ್ನೇನೂ ಬಿಡಲಿಲ್ಲ. ಮೊಳ ಹೆಚ್ಚಾದ ಹಾಗೆ ಊರಿನ ಒಟ್ಟು ಕಂದಾಯ ಹೆಚ್ಚಿತು, ಅದನ್ನು ತುಂಬಲು ಟಿಕೆಟ್ಟು ಹೆಚ್ಚಿದವು. ಮನೆಗೆ ವಾರಕ್ಕೆ ಎರಡು ಇದ್ದದ್ದು ಹನ್ನೆರಡಾಯಿತು. ಒಮ್ಮೆ ನಾನು ಸಂತೆಯಲ್ಲಿ ಬಾಯಿಲೆಕ್ಕ ಹಾಕಿ, ಹಿಂದೆ ವರ್ಷಕ್ಕೆ ಮೂವತ್ತು ರೂಪಾಯಿ ಕಂದಾಯ ಕಟ್ಟುತ್ತಿದ್ದೆವು, ಈಗ ಟಿಕೆಟ್ಟಿಗೇ ಮುನ್ನೂರು ದಾಟುತ್ತದಲ್ಲ ಅಂದೆ. ಸುತ್ತ ಇದ್ದವರು ನನ್ನ ಕಡೆ ಅಯ್ಯೋ ಪಾಪ ಎನ್ನುವಂತೆ ನೋಡಿದರು. "ಕಂದಾಯ ಅಂದ್ರೆ ಅವ್ರು ಕಿತ್ಕೊಳ್ಳೋದು. ಟಿಕೆಟ್ ಅಂದ್ರೆ ನಾವಾಗಿ ತಗೊಳ್ಳೋದು. ಅಷ್ಟೂ ಗೊತ್ತಾಗಲ್ವೇನಣ್ಣ?" ಅಂದ ಒಬ್ಬ.

ನನ್ನ ಕೆಲಸ ಹೋಯಿತು. ಗಿರಿಯಮ್ಮ ಪುರಸಭೆಯಿಂದ ಟಿಕೆಟ್ಟು ತಂದು ಮಾರತೊಡಗಿದಳು. ಅವಳ ಕಮಿಷನ್ನಿನಲ್ಲಿ ಆರು ವರ್ಷದಿಂದ ಇಬ್ಬರೂ ಉಣ್ಣುತ್ತಿದ್ದೆವು. ಅದರ ಬಗ್ಗೆ ಅವಳು ಒಂದು ದಿನವೂ ಆಡಿಕೊಂಡಿಲ್ಲ. ಅನ್ನ ಬಡಿಸುವಾಗ ಮಾತ್ರ ಒಂದು ಸಲ "ಹಾಕ್ಲಾ?" ಎನ್ನುವ ಕಡೆ ಎರಡು ಸಲ ಎನ್ನುತ್ತಿದ್ದಳು.

ನನ್ನನ್ನು ತಿನ್ನುತ್ತಿದ್ದದ್ದು ಅದಲ್ಲ, ಪಕ್ಕದ ಮನೆ. ಪಕ್ಕದ ಮನೆ ಪುಟ್ತಾಯಮ್ಮನದು. ಅರವತ್ತು ದಾಟಿದ ಒಂಟಿ ಹೆಂಗಸು, ಮನಸ್ಸು ಬೆಣ್ಣೆ. ಅವಳ ಮನೆಗೆ ಮೊದಲು ಇದ್ದದ್ದು ಎರಡು ಕೋಣೆ. ಈಗ ಹದಿನಾಲ್ಕೋ ಹದಿನೈದೋ ಅವಳಿಗೇ ಗೊತ್ತಿರಲಿಲ್ಲ. ನಮ್ಮ ಎರಡು ಮನೆಗಳ ನಡುವೆ ಗಾಡಿ ಹೋಗುವಷ್ಟು ಓಣಿ ಇತ್ತು. ಅವಳ ಗೋಡೆ ವರ್ಷವರ್ಷ ಬಂದು ಬಂದು, ಈ ರೋಹಿಣಿಗೆ ಉಳಿದದ್ದು ಎರಡು ಗೇಣು. ಗೋಡೆಗೆ ಗೋಡೆ ತಾಗಿದರೆ ಎರಡು ಮನೆ ಒಂದೇ ಮನೆ, ಹೆಚ್ಚು ಮೊಳ ಯಾರದೋ ಅವರದು. ಅದು ಊರಿನ ಹಳೆಯ ಕಟ್ಟಳೆ. ಹೋದ ವರ್ಷ ದರ್ಜಿ ನರಸಯ್ಯನ ಮನೆ ಹಾಗೆಯೇ ಹಿಟ್ಟಿನ ಗಿರಣಿಯೊಳಗೆ ಹೋಯಿತು. ಈಗ ಅವನು ಮಷೀನು ಹೊಲಿಯುತ್ತ ಕೂತರೆ ತಲೆ ಬೆಳ್ಳಗಾಗುತ್ತದೆ. ಆರಿದ್ರೆ ಮಳೆಗೆ ಇನ್ನು ಹದಿನೆಂಟು ದಿನ. ಆ ಮಳೆ ಬಿದ್ದರೆ ಎರಡು ಗೇಣು ಯಾವ ಮೂಲೆಗೆ? ಬೇರೆಯವರ ಗೋಡೆಗೆ ಅವರು ಕರೆಯದೆ ಕುಡುಗೋಲು ಹಾಕುವ ಹಾಗೂ ಇಲ್ಲ.

ಏಣಿಯ ಮೇಲಿದ್ದಂತೆಯೇ ಅವತ್ತು ಅವಳನ್ನು ಮತ್ತೆ ಕೇಳಿದೆ. "ಪುಟ್ತಾಯಕ್ಕ, ಈ ಕಡೆ ಗೋಡೆ ಒಂಚೂರು ಸವರ್ಲಾ? ಕೂಲಿ ಬ್ಯಾಡ."

ಅವಳು ಹೊಸದಾಗಿ ಮೊಳೆತ ಕಿಟಕಿಯಿಂದ ತಲೆ ಹಾಕಿದಳು. "ಅಯ್ಯೋ, ಎಳೆ ಕೂಸಿನಂಗೈತೆ ಕಣೋ, ಕಡಿಯಕ್ಕೆ ಹೆಂಗ್ ಮನ್ಸ್ ಬಂದಾತು? ನೆನ್ನೆ ಒಂದು ಹೊಸ ಕೋಣೆ ಸಿಕ್ತು. ಒಂದ್ ವಾರದಿಂದ ಕಾಣ್ದೆ ಹೋಗಿದ್ದ ನನ್ ಕೋಳಿ ಅಲ್ಲಿ ಕಾವಿಗೆ ಕೂತೈತೆ!"

"ಇನ್ನೆರಡು ಗೇಣು ಬಂದ್ರೆ ನಮ್ಮನೆ ನಿಮ್ಮನೆ ಆಯ್ತದೆ ಅಕ್ಕ."

"ಆಗ್ಲಿ ಬಿಡೋ, ನಿಮ್ಮನ್ನೇನ್ ಆಚೆಗೆ ಹಾಕ್ತೀನಾ? ಗಿರಿಗೆ ಒಂದು ಕೋಣೆ, ನಿನಗೊಂದು ಕೋಣೆ. ಜಗಳ ಆಡಿದ್ರೆ ಇನ್ನೊಂದು ಐತೆ."

ಅವಳು ಪ್ರೀತಿಯಿಂದಲೇ ಹೇಳಿದಳು. ಅದಕ್ಕೇ ನಾನು ಏಣಿಯಿಂದ ಇಳಿದುಬಿಟ್ಟೆ.

ಆ ಸಂತೆ ಮಳೆಗೆ ಕೆಟ್ಟಿತು. ಗಿರಿಯಮ್ಮನ ಚೀಲದಲ್ಲಿ ಮೂರು ಕಟ್ಟು ಉಳಿದವು. ಉಳಿದದ್ದರ ದುಡ್ಡು ಮಾರುವವರೇ ಕಟ್ಟಬೇಕು. ಬುಧವಾರ ಸಾಯಂಕಾಲ ಅವಳು ಒರಳ ಮುಂದೆ ನಿಂತು ಕುಟ್ಟುತ್ತಿದ್ದಳು, ನಾನು ಬಚ್ಚಲಲ್ಲಿ ಹಂಡೆಯ ಒಲೆಗೆ ಟಿಕೆಟ್ಟು ಹಾಕುತ್ತಿದ್ದೆ. ತಮಟೆಯವನು ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಮೆಣಸಿನ ಘಾಟಿಗೆ ಗಿರಿಯಮ್ಮನಿಗೆ ಸೀನು ಬಂದು ಒನಕೆ ನಿಂತಿತು. ಆ ಒಂದು ಸೀನಿನಷ್ಟು ಹೊತ್ತು ಸಾಕಾಯಿತು. ನಾಕು ಸಾವಿರದ ನೂರಾ ಹದಿನೇಳು ಅಂದ. ಕೈಯಲ್ಲಿ ಉಳಿದಿದ್ದ ಕಟ್ಟನ್ನು ಬೆಂಕಿಯ ಬೆಳಕಿಗೆ ಹಿಡಿದೆ. ಮೇಲಿನದೇ ಅದು.

"ನೋಡ್ದಾ?" ಅಂದಳು ಗಿರಿಯಮ್ಮ ಬಾಗಿಲಲ್ಲಿ ನಿಂತು.

"ಇಲ್ಲ."

"ಸುಳ್ಳು ಹೇಳ್ಬ್ಯಾಡ. ಕಿವಿ ಕೆಂಪಗಾಗವೆ."

"ಬೆಂಕಿ ಮುಂದೆ ಕೂತಿವ್ನಿ, ಬಿಳೀಗಿರ್ತವಾ?" ಅಂದೆ. ಆಮೇಲೆ ಟಿಕೆಟ್ಟು ಅವಳ ಕೈಗೆ ಕೊಟ್ಟೆ. "ಸಾವಿರದ ಇನ್ನೂರು. ನಾನು ಕೇಳ್ತೀನಿ ಕಣೆ. ಕೇಳಿದ್ರೆ ಮನೆಗೆ ಮೂರು ರೂಪಾಯಿ ಕಂದಾಯ ಬೀಳ್ತದೆ, ಮೊಳ ಹೆಚ್ಚಿದ್ದೋರಿಗೆ ಇನ್ನೂ ಹೆಚ್ಚು. ಎಂಟಾಣೆ ಬಿದ್ದ ವರ್ಷವೇ ಹತ್ತು ಮನೆಯೋರು ಸವರಿಸಿದ್ರು. ಮೂರು ರೂಪಾಯಿ ಅಂದ್ರೆ ಪುಟ್ತಾಯಕ್ಕ ತಾನಾಗೇ ಕುಡುಗೋಲು ತಂದ್ಕೊಡ್ತಾಳೆ."

"ನಾನು ಟಿಕೆಟ್ ಮಾರಿ ಸಾಕ್ತಿಲ್ವಾ ನಿನ್ನ?"

"ಸಾಕ್ತಿದ್ದೀಯ. ಎಲ್ಲಿ ಕೂರ್ಸಿ ಸಾಕ್ತೀಯ? ಆರಿದ್ರೆ ಕಳೆದ್ರೆ ಈ ಬಚ್ಚಲು ಪುಟ್ತಾಯಕ್ಕುಂದು."

ಅವಳು ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಲೆಯ ಕಡೆ ಒಮ್ಮೆ ನೋಡಿದಳು. ನಾನು ಒಲೆಯ ಬಾಯಿಗೆ ಅಡ್ಡ ಸರಿದೆ. ಕೊನೆಗೆ, "ಶರ್ಟು ಒಗೆದಿದ್ದು ಹಾಕ್ಕೊಂಡೋಗು. ಬೈಸ್ಕೊಳ್ಳೋದು ಬೈಸ್ಕೊತೀಯ, ಮುದುರಿದ ಬಟ್ಟೇಲ್ ಯಾಕೆ," ಅಂದಳು.

ಮಾರನೆ ದಿನ ಪುರಸಭೆಗೆ ಹೋದೆ. ಆ ಕಟ್ಟಡವೂ ಬೆಳೆದು ಬೆಳೆದು ಅಧ್ಯಕ್ಷರ ಕೋಣೆ ಹಿಂದೆ ಹಿಂದೆ ಹೋಗಿತ್ತು. ಒಂಬತ್ತು ಬಾಗಿಲು ದಾಟಿದ ಮೇಲೆ ಸಿಕ್ಕಿತು. ಮರಿಗಂಗಯ್ಯನವರು ಟಿಕೆಟ್ಟು ನೋಡಿದವರೇ ಎದ್ದು ಬಾಗಿಲು ಹಾಕಿದರು.

"ಕೂತ್ಕೊ ಬೋರಲಿಂಗ. ನೀರು ಕುಡಿ. ಯಾವಾಗಿನಿಂದ ಹಿಂಗೆ?"

"ನೆನ್ನೆಯಿಂದ ಸ್ವಾಮಿ."

"ಯಾರಿಗಾದ್ರೂ ಹೇಳಿದ್ಯಾ?"

"ಗಿರಿಗೆ."

"ಊರಿಗೇ ಗೊತ್ತಾಯ್ತು ಅನ್ನು." ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ನೋಡು, ನಿನಗೆ ಕೊಡಬಾರದು ಅಂತಲ್ಲ. ಕೊಟ್ಟರೆ ಊರಲ್ಲಿ ಕಂದಾಯ ಇಲ್ಲ ಅನ್ನೋ ಹೆಸರು ಹೋಗ್ತದೆ. ಒಂದು ಕೆಲಸ ಮಾಡಾಣ. ನಿನಗೆ ಕೊಡೋ ದುಡ್ಡಿಗೇ ಅಂತ ಬೇರೆ ಇನ್ನೊಂದು ಲಾಟರಿ ಶುರು ಮಾಡಾಣ."

"ಅದರಲ್ಲಿ ಯಾರಾದ್ರೂ ಗೆದ್ದು ಬಂದ್ರೆ?"

"ನಮ್ಮೂರಲ್ಲಿ ಯಾರಯ್ಯ ಗೆಲ್ತಾರೆ? ಅಂಥ ಜನ ಅಲ್ಲ." ನನ್ನ ಮುಖ ನೋಡಿ, "ನೀನೊಬ್ಬ ಬಿಟ್ಟು," ಅಂದರು.

ನಾನು ಜಗ್ಗಲಿಲ್ಲ. ಶನಿವಾರ ಬಂದು ತೆಗೆದುಕೊಂಡು ಹೋಗು ಎಂದು ಚೀಟಿ ಬರೆದುಕೊಟ್ಟರು. ಬರೆಯುವಾಗ ಮೂರು ಕಡೆ ಶಾಯಿ ಚೆಲ್ಲಿದರು.

ಶುಕ್ರವಾರ ಬೆಳಿಗ್ಗೆ ಕಣ್ಣು ಬಿಟ್ಟರೆ ಅಂಗಳದ ತುಂಬ ಜನ ಕೂತಿದ್ದರು. ತಿಬ್ಬಯ್ಯನ ಪಡಸಾಲೆಯಲ್ಲಿ ಕೂತಿದ್ದ ಹಾಗೆಯೇ. ಇನ್ನು "ನನ್ನ ಮೂರು ರೂಪಾಯಿ ಹೆಂಗೈತೆ" ಶುರುವಾಗುತ್ತದೆ ಎಂದು ನಾನು ತಲೆ ತಗ್ಗಿಸಿ ಜಗಲಿಯ ಮೇಲೆ ಕೂತೆ. ಗಿರಿಯಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಕುಡಿದರು. ಪುಟ್ತಾಯಮ್ಮ ಲೋಟ ಕೆಳಗಿಟ್ಟಳು.

"ಕೊಡ್ತೀನಿ ಅಂದ್ರಾ?" ಅಂದಳು.

"ಚೀಟಿ ಬರೆದ್ಕೊಟ್ಟವ್ರೆ ಅಕ್ಕ."

"ದುಡ್ಡೇ ಕೊಡ್ತಾರಂತಾ? ಕೈಗೆ?"

"ಹೂಂ."

"ತಡವಾಗಿ ಬಂದ್ರೆ ಕೊಡಲ್ಲ ಅಂತ ಏನೂ ಅನ್ಲಿಲ್ವಾ?"

"ಇಲ್ಲ ಅಕ್ಕ, ಕಾನೂನ್ನಲ್ಲಿ ಹಂಗೇನೂ ಬರೆದಿಲ್ಲ."

ಅಂಗಳದಲ್ಲಿ ಒಂದು ಉಸಿರು ಎದ್ದ ಹಾಗಾಯಿತು. ಜನ ಒಬ್ಬೊಬ್ಬರಾಗಿ ಎದ್ದರು. ಒಬ್ಬ ಎಮ್ಮೆ ಕರೆಯಬೇಕು ಅಂದ, ಒಬ್ಬಳು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂದಳು. ಎಣ್ಣೆ ಅಂಗಡಿಯ ತಿಬ್ಬಯ್ಯ ಒಬ್ಬ ಮಾತ್ರ ಉಳಿದು, ಅವರು ಹೋದ ದಿಕ್ಕನ್ನೇ ನೋಡುತ್ತ, "ಯಾಕಪ್ಪ ಹಿಂಗ್ ಓಡ್ತಾವ್ರೆ?" ಅಂದ. ನನಗೂ ತಿಳಿಯಲಿಲ್ಲ.

ಶನಿವಾರ ತಿಳಿಯಿತು. ಪುರಸಭೆಯ ಮುಂದಿನಿಂದ ಸಂತೆಮಾಳದವರೆಗೆ ಸಾಲು. ಕೈಕೈಯಲ್ಲೂ ಟಿಕೆಟ್ಟು. ಅಕ್ಕಿ ಡಬ್ಬದ ತಳದಿಂದ, ಧಾರೆ ಸೀರೆಯ ಮಡಿಕೆಯಿಂದ, ದೇವರ ಪಟದ ಹಿಂದಿನಿಂದ ತೆಗೆದವು. ಹಳದಿಗಟ್ಟಿದ್ದವು, ಜಿರಲೆ ತಿಂದಿದ್ದವು. ಪುಟ್ತಾಯಮ್ಮನ ಹತ್ತಿರ ಮೂರು ಇದ್ದವು. ದರ್ಜಿ ನರಸಯ್ಯ ತನ್ನದನ್ನು ಅಂಗಿಯೊಳಗೆ ಹೊಲಿದಿಟ್ಟುಕೊಂಡಿದ್ದ, ಸಾಲಿನಲ್ಲೇ ನಿಂತು ಹೊಲಿಗೆ ಬಿಚ್ಚುತ್ತಿದ್ದ. ಒಂಬತ್ತು ವರ್ಷ ವಾರವಾರ ಕುಟ್ಟಿದ್ದರು, ಕೆಮ್ಮಿದ್ದರು, ಒಬ್ಬರೂ ಒಂದು ನಂಬರನ್ನೂ ತಪ್ಪಿಸಿಕೊಂಡಿರಲಿಲ್ಲ.

ಸಾಲಿನಲ್ಲಿ ನನಗಿಂತ ಇಪ್ಪತ್ತು ಜನ ಮುಂದೆ ಗಿರಿಯಮ್ಮ ನಿಂತಿದ್ದಳು.

"ನೀನಾ?" ಅಂದೆ.

"ಐದು ವರ್ಷದ್ದು," ಅಂದಳು ಸೆರಗಿನ ಗಂಟು ತೋರಿಸಿ. "ಕುಟ್ಟೋವಾಗ ಕೈಗೆ ಕೆಲ್ಸ ಕಣಯ್ಯ, ಕಿವಿಗೇನು?"

"ಮೊನ್ನೆ ಹೇಳ್ಲಿಲ್ಲ!"

"ನೀನು ಶೂರನಂಗೆ ಹೊರಟಿದ್ದೆ. ಯಾಕೆ ಕೆಡಿಸ್ಲಿ ಅಂತ."

ಅಷ್ಟರಲ್ಲಿ ಒಳಗಿನಿಂದ ಮರಿಗಂಗಯ್ಯನವರು ಬಂದರು. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಟೋಪಿ ತೆಗೆದರು, ಅದರ ಒಳಪಟ್ಟಿಯಿಂದ ಮಡಿಸಿದ ಒಂದು ಟಿಕೆಟ್ಟು ಎಳೆದರು, ಮೆಟ್ಟಿಲಿಳಿದು ನಡೆದುಕೊಂಡು ಹೋಗಿ ಎಲ್ಲರ ಹಿಂದೆ ನಿಂತರು. ಕಿಟಕಿಯಲ್ಲಿ ದುಡ್ಡು ಕೊಡಬೇಕಾದವನು ಚಿಕ್ಕರಂಗಪ್ಪ. ಅವನು ಪೆಟ್ಟಿಗೆಯ ಬೀಗ ತೆಗೆದು, ಒಳಗೆ ನೋಡಿ, ಪೆಟ್ಟಿಗೆಯನ್ನೇ ಎತ್ತಿ ಬೋರಲು ಹಾಕಿ ತೋರಿಸಿದ. ಟಿಕೆಟ್ಟು ಅಚ್ಚು ಹಾಕಿಸಿದ ಬಿಲ್ಲು ಎರಡು ಬಿದ್ದವು.

ಮಧ್ಯಾಹ್ನದವರೆಗೆ ಗಲಾಟೆಯಾಯಿತು. ಕೊನೆಗೆ ಮರಿಗಂಗಯ್ಯನವರು ಸಾಲಿನ ಕೊನೆಯಲ್ಲಿ ನಿಂತುಕೊಂಡೇ ತೀರ್ಮಾನ ಹೇಳಿದರು. ಲಾಟರಿ ಇಂದಿಗೆ ನಿಂತಿತು. ಎಲ್ಲರ ಬಹುಮಾನವನ್ನೂ ಪುರಸಭೆ ಕೊಡುತ್ತದೆ. ಕೊಡಲು ದುಡ್ಡು ಬೇಕಾದ್ದರಿಂದ ಆರಿದ್ರೆ ಕಳೆಯುತ್ತಲೂ ಮನೆಗಂದಾಯ, ಪೂರ್ತಿ, ಮೊಳದ ಲೆಕ್ಕದಲ್ಲಿ. ನಮ್ಮ ದುಡ್ಡು ನಾವೇ ಕೊಟ್ಟು ನಾವೇ ಈಸಿಕೊಳ್ಳುವುದೇ ಎಂದು ಯಾರೋ ಕೂಗಿದರು. "ಇಷ್ಟು ದಿನ ಮತ್ತೇನ್ ಮಾಡ್ತಿದ್ರಿ?" ಅಂದರು ಮರಿಗಂಗಯ್ಯನವರು. ಚಿಕ್ಕರಂಗಪ್ಪ ಅಳತೆಯ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ, ಜನ ಹಗ್ಗ ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಅಲ್ಲಿಂದ ಹದಿನೈದು ದಿನ ನಾನು ನೆಲದ ಮೇಲೆ ಇದ್ದದ್ದಕ್ಕಿಂತ ಏಣಿಯ ಮೇಲಿದ್ದದ್ದೇ ಹೆಚ್ಚು. ಗಿರಣಿಯ ಗೋಡೆಯನ್ನು ಹಾರೆ ಹಾಕಿ ಸೀಳಿ ನರಸಯ್ಯನ ಮನೆಯನ್ನು ಬಿಡಿಸಿದೆ. ಪುರಸಭೆಯ ಒಂಬತ್ತು ಬಾಗಿಲಲ್ಲಿ ಆರನ್ನು ಕಡಿದೆ. ಮಾರಲು ಟಿಕೆಟ್ಟಿಲ್ಲದ ಗಿರಿಯಮ್ಮ ಸೊಂಟಕ್ಕೆ ಸೆರಗು ಬಿಗಿದು ಕೆಳಗೆ ಬಿದ್ದ ಹೋಳುಗಳನ್ನು ಮಂಕರಿಗೆ ತುಂಬುತ್ತಿದ್ದಳು. ಕೂಲಿಯ ಮಾತು ಬಂದಾಗ ಎಲ್ಲರೂ ಹೇಳುವುದು ಒಂದೇ: "ಬಹುಮಾನ ಬರ್ಲಿ ಬೋರಲಿಂಗಣ್ಣ, ಮೊದಲು ನಿನಗೇ." ಬಹುಮಾನ ಬರಬೇಕಾದದ್ದು ಕಂದಾಯದಿಂದ, ಕಂದಾಯ ಬರಬೇಕಾದದ್ದು ಮೊಳದಿಂದ. ಆ ಮೊಳವನ್ನು ನಾನೇ ಕಡಿದು ಕೆಳಗೆ ಹಾಕುತ್ತಿದ್ದೆ. ಇದು ನನಗೆ ಹೊಳೆದದ್ದು ಹನ್ನೆರಡನೆಯ ಮನೆಯ ಸೂರಿನ ಮೇಲೆ. ಒಂದು ಗಳಿಗೆ ಕುಡುಗೋಲು ನಿಲ್ಲಿಸಿದೆ.

"ಯಾಕ್ ನಿಂತೆ?" ಅಂದಳು ಗಿರಿಯಮ್ಮ ಕೆಳಗಿನಿಂದ.

"ನಾನು ಚೆನ್ನಾಗಿ ಸವರಿದಷ್ಟೂ ನನ್ನ ಕೂಲಿ ಕಮ್ಮಿಯಾಗ್ತದೆ ಕಣೆ."

"ಹಂಗಂತ ಕೆಟ್ಟದಾಗಿ ಸವರಕ್ಕೆ ಬತ್ತದಾ ನಿನಗೆ?"

ಬರುತ್ತಿರಲಿಲ್ಲ.

ಪುಟ್ತಾಯಮ್ಮನ ಗೋಡೆಗೆ ಕೈ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ, ಪಡುವಣದಲ್ಲಿ ಆರಿದ್ರೆಯ ಮೋಡ ಕಟ್ಟಿದ ದಿನ. ಅವಳಾಗಿಯೇ ಕರೆದಳು, ಆದರೆ ಕೋಳಿ ಕೂತಿದ್ದ ಕೋಣೆಯನ್ನು ಮುಟ್ಟಬಾರದು ಎಂದು ಬಾಗಿಲಿಗೆ ಅಡ್ಡ ನಿಂತಳು. ಎಳೆಯದು ಬೇಗ ಬಂತು. ಹಳೆಯದಕ್ಕೆ ಹಾರೆ ಹಾಕಿ ಮಧ್ಯಾಹ್ನದವರೆಗೆ ಬಡಿದೆ. ಮೂರು ಮೊಳ ಹಿಂದಕ್ಕೆ ಹೋಯಿತು. ಪ್ರತಿ ಹೋಳು ಬಿದ್ದಾಗಲೂ ಅವಳು "ಅಯ್ಯಪ್ಪ" ಅನ್ನುತ್ತಿದ್ದಳು. ಆಮೇಲೆ ತಾನೇ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಿದ್ದಳು.

"ಎಷ್ಟು ಕೊಡ್ಬೇಕೋ?" ಅಂದಳು ಕೊನೆಗೆ.

"ಆರು ಆಳಿನ ಕೆಲ್ಸ ಅಕ್ಕ. ಹದಿನೆಂಟು ರೂಪಾಯಿ."

"ನನಗೆ ಪುರಸಭೆಯಿಂದ ಮೂರು ಬಹುಮಾನ ಬರ್ಬೇಕು. ಅದರಲ್ಲಿ ಹಿಡ್ಕೊ."

"ಆಗ್ಲಿ ಅಕ್ಕ."

ಹನಿ ಬೀಳತೊಡಗಿತು. ಗಿರಿಯಮ್ಮ ಕೊನೆಯ ಮಂಕರಿಯನ್ನು ತಲೆಯ ಮೇಲಿಟ್ಟುಕೊಂಡು, ಎರಡು ಕೈಯನ್ನೂ ಬೀಸಿಕೊಂಡು ಓಣಿಯ ನಡುವೆ ಹಾದು ಹಿತ್ತಿಲಿಗೆ ಹೋದಳು. ಅವಳ ಮೊಣಕೈ ಎರಡು ಕಡೆಯೂ ಯಾವ ಗೋಡೆಗೂ ತಾಗಲಿಲ್ಲ. ಆ ಹದಿನೆಂಟು ರೂಪಾಯಿ ಇನ್ನೂ ಬಂದಿಲ್ಲ. ನಾನು ಕೇಳಲು ಹೋದಾಗಲೆಲ್ಲ ಪುಟ್ತಾಯಮ್ಮ ಎರಡು ಮೊಟ್ಟೆ ಕೊಟ್ಟು ಕಳಿಸುತ್ತಾಳೆ, ಇದು ಬಡ್ಡಿ ಅನ್ನುತ್ತಾಳೆ. ತಿಂಗಳಿಗೆರಡು ಸಲ ಹೋಗಿ ಕೇಳುತ್ತೇನೆ.